ಕೊನೇ ಕಂತು

ಮೂವತ್ತು ವರ್ಷಗಳಿಂದ ಟೀವಿ ಧಾರಾವಾಹಿಯಲ್ಲಿ ಹಾರುತ್ತಲೇ ಇದ್ದ ಗಗನನೌಕೆಯ ಕ್ಯಾಪ್ಟನ್ ಮೊನ್ನೆ ತನ್ನ ಮನೆಗೇ ಬಂದು, ಒಂದು ಬುಟ್ಟಿ ನೀರುದೋಸೆ ಮುಗಿಸಿ, ಬಾವಿಕಟ್ಟೆಯಿಂದಲೇ ನೌಕೆ ಹಾರಿಸಿಕೊಂಡು ಹೋದಳೆಂದು ಭುಜಂಗ ಕ್ಷೌರದ ಕುರ್ಚಿಯಲ್ಲಿ ಕೂತು ಕೊಚ್ಚಿಕೊಂಡ.

"ನಿನ್ನೆ ಕೊನೇ ಕಂತಲ್ಲಿ ಅವಳು ಸತ್ತಳಲ್ಲ ಮಾರಾಯ," ಎಂದ ಕತ್ತರಿ ಹಿಡಿದಿದ್ದ ಐವನ್. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಆ ಧಾರಾವಾಹಿಯ ಹುಚ್ಚರು.

"ಸತ್ತದ್ದು ಅವಳ ನಕಲು. ಅಸಲಿಯವಳು ಮುಂದಿನ ವರ್ಷ ಸೂರ್ಯನನ್ನೇ ಜೇಬಿಗೆ ಹಾಕ್ಕೊಂಡು ಬರ್ತಾಳೆ. ನನ್ನ ಹತ್ರ ಅವಳೇ ಹೇಳಿದ್ದು!"

"ಹೌದಾ? ನಕಲು ಹೇಗುಂಟು ನೋಡುವ." ಐವನ್ ಮೊಬೈಲನ್ನು ಕನ್ನಡಿಗೆ ಒರಗಿಸಿ ಕೊನೆಯ ದೃಶ್ಯ ಹಾಕಿದ.

ಭುಜಂಗ ತಟ್ಟನೆ ಕಣ್ಣು ಮುಚ್ಚಿದ. ಅರ್ಧ ಕ್ಷೌರವಾಗಿತ್ತು, ಎದ್ದು ಓಡುವಂತೆಯೂ ಇರಲಿಲ್ಲ. "ಕಣ್ಣಿಗೆ ಕೂದಲು ಬಿತ್ತು... ಫ್ಯಾನ್ ಜೋರು ಮಾಡು... ಅದನ್ನು ಮೊದಲು ಬಂದ್ ಮಾಡು ಮಾರಾಯ!"

ಐವನ್ ಕತ್ತರಿ ಕೆಳಗಿಟ್ಟ. "ಬಡಾಯಿ ಸಾಕು. ನೀನು ಆ ಕಂತು ನೋಡಿದ್ದೀಯಾ, ಇಲ್ವಾ?"

ಭುಜಂಗನ ದನಿ ಇಳಿಯಿತು.

"ಇಲ್ಲ ಐವನ್. ನಾನು ನೋಡುವವರೆಗಾದರೂ ಅವಳು ಬದುಕಿರ್ತಾಳಲ್ಲ?"