ಕನ್ಸೋಲ್ ಲಾಗ್‌ಗೊಂದು ಕಾವಲು

ದೋಷ ಹುಡುಕಲೆಂದು ಬರೆದಿದ್ದ ‘ಕನ್ಸೋಲ್ ಲಾಗ್’ ಸಾಲುಗಳನ್ನು ಅಳಿಸದೆಯೇ ತಂಡದ ಸಾಮಾನ್ಯ ಸಂಗ್ರಹಕ್ಕೆ ಕೋಡ್ ಕಮಿಟ್ ಮಾಡಿದ್ದಕ್ಕೆ ಟೀಮ್ ಲೀಡ್ ಹೊಸದಾಗಿ ಸೇರಿದ್ದ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿಕೊಂಡಿದ್ದ.

“ಉಂಡೆಲೆ ಎತ್ತೋದನ್ನೂ ಹೇಳಿಕೊಡ್ಬೇಕೇನಮ್ಮಾ ನಿಂಗೆ?”

“ಮರೆತೆ ಸರ್. ಇನ್ಮೇಲೆ...”

“ನಿನ್ನ ನೆನಪನ್ನ ಯಾರು ನಂಬ್ತಾರೆ? ಅದಕ್ಕೇ ನಾನೊಂದು ಕಾವಲು ಪ್ರೋಗ್ರಾಂ ಬರೆದು ಚಾಲೂ ಮಾಡಿದ್ದೀನಿ. ಇವತ್ತಿಂದ ಯಾವ ಫೈಲಲ್ಲಿ ‘ಕನ್ಸೋಲ್ ಲಾಗ್’ ಅನ್ನೋ ಪದ ಸಿಕ್ಕರೂ ಅದು ಕಮಿಟ್ ತಡೆಯುತ್ತೆ. ಸಿಕ್ಕಿಬಿದ್ದವರು ಪ್ರಾಜೆಕ್ಟಿಂದ ಆಚೆ!”

ಯಾರೋ ಕಿಸಕ್ಕನೆ ನಕ್ಕರು. ಅವನು ಗತ್ತಿನಿಂದ ಪರದೆಯನ್ನು ಎಲ್ಲರತ್ತ ತಿರುಗಿಸಿ, ಕಾವಲಿನ ಫೈಲನ್ನೇ ಕಮಿಟ್ ಮಾಡಲು ಗುಂಡಿ ಒತ್ತಿದ.

‘ಕನ್ಸೋಲ್ ಲಾಗ್ ಎಲ್ಲಿದ್ದರೂ ಹುಡುಕು’ ಎಂದು ಆ ಫೈಲಿನಲ್ಲಿ ಅವನೇ ಬರೆದಿದ್ದ ಸಾಲನ್ನು ಕೆಂಪಕ್ಷರದಲ್ಲಿ ತೋರಿಸಿ, ಕಾವಲು ಕಮಿಟ್ ತಡೆಯಿತು.