ಪರಿಚಯದವರ ಸಹಿ

ಗಡಿ ದಾಟಿ ಹೊಸದಾಗಿ ನಿರಾಶ್ರಿತರ ಶಿಬಿರಕ್ಕೆ ಬಂದಿದ್ದ ಯಾಂಗ್ಚೆನ್‌ಗೆ ಬ್ಯಾಂಕ್ ಖಾತೆಯಿಲ್ಲದೆ ಸರ್ಕಾರದ ನೆರವು ಸಿಗುವಂತಿರಲಿಲ್ಲ. ನಿವೃತ್ತ ಟೀಚರ್ ವಿಶಾಲಾಕ್ಷಮ್ಮ ವಾರವಿಡೀ ಕೈಹಿಡಿದು ಅವಳ ಸಹಿ ತಿದ್ದಿಸಿದ್ದರು. ಬ್ಯಾಂಕಿನ ದಾರಿಯುದ್ದಕ್ಕೂ ಅವರದು ಒಂದೇ ಮಾತು: "ಹೆದರ್ಬೇಡ, ನಾನಿದ್ದೀನಲ್ಲ."

ಗುಮಾಸ್ತ ಅರ್ಜಿ ನೋಡಿದ. "ಪರಿಚಯದವರ ಸಹಿ ಬೇಕು. ಇಲ್ಲೇ ಖಾತೆ ಇರೋರು."

"ಮೂವತ್ತು ವರ್ಷದಿಂದ ನನ್ನ ಖಾತೆ ಇಲ್ಲೇ ಇದೆ," ಎಂದು ವಿಶಾಲಾಕ್ಷಮ್ಮ ಗತ್ತಿನಿಂದ ಸಹಿ ಹಾಕಿದರು.

ಗುಮಾಸ್ತ ಹಳೆಯ ಸಹಿ ತೆಗೆದು ನೋಡಿದ. "ಹೊಂದ್ತಿಲ್ವಲ್ಲ ಮೇಡಂ."

ಇನ್ನೊಮ್ಮೆ ಹಾಕಿದರು. ಅದು ಮೊದಲಿನದಕ್ಕೂ ಹೊಂದಲಿಲ್ಲ. ಐದನೆಯ ಸಲ ಹಳೆಯ ಸಹಿಯನ್ನೇ ಇಣುಕಿ ನೋಡಿ ಹಾಕಿದರೂ ಹೊಂದಲಿಲ್ಲ. ಯಾಂಗ್ಚೆನ್‌ಳ ಸಹಿ ಮಾತ್ರ ಅರ್ಜಿಯ ಮೂರು ಕಡೆಯೂ ಅಚ್ಚೊತ್ತಿದಂತಿತ್ತು.

ಗುಮಾಸ್ತ ಅವಳ ಕಡೆ ತಿರುಗಿದ. "ಇವರು ನಿಜವಾಗ್ಲೂ ವಿಶಾಲಾಕ್ಷಮ್ಮನೇನಾ? ನಿಮಗೆ ಗೊತ್ತಾ?"

ಯಾಂಗ್ಚೆನ್ ಟೀಚರ ಕೈ ಹಿಡಿದುಕೊಂಡಳು. "ಹೆದರ್ಬೇಡ, ನಾನಿದ್ದೀನಲ್ಲ."