ಚಪ್ಪಲಿ ಕೇಳಿದ ತಾಯಿ

ಹತ್ತನೇ ತರಗತಿಯಲ್ಲಿ ನಾಟಕದ ಪಾಠ ನಡೆಯುತ್ತಿತ್ತು. ಮಗ ಕೆರೆಯಲ್ಲಿ ಮುಳುಗಿ ಸತ್ತನೆಂಬ ಸುದ್ದಿ ತಂದವನನ್ನು ತಾಯಿ ಮೊದಲು ಕೇಳುವುದು, "ಅವನ ಚಪ್ಪಲಿ ಎಲ್ಲಿತ್ತು?"

ಮಕ್ಕಳು ನಕ್ಕರು.

"ನಗಬೇಡ್ರೋ, ಪರೀಕ್ಷೆಗೆ ನಾಲ್ಕು ಮಾರ್ಕ್ಸಿನ ಪ್ರಶ್ನೆ ಇದು," ಎಂದ ಮೇಷ್ಟ್ರು ಪ್ರತಿವರ್ಷದ ಉತ್ತರವನ್ನೇ ಬರೆಸಿದರು: "ದುಃಖದಿಂದ ತಾಯಿಗೆ ಬುದ್ಧಿಭ್ರಮಣೆಯಾಗಿದೆ."

ಹೇಮಾ ಮಾತ್ರ ಪೆನ್ನು ಮುಟ್ಟಲಿಲ್ಲ.

"ಯಾಕಮ್ಮಾ, ಮಾರ್ಕ್ಸ್ ಬೇಡ್ವಾ?"

"ಅವಳಿಗೆ ಬುದ್ಧಿ ಸರಿಯಾಗೇ ಇದೆ ಸಾರ್."

"ಓಹೋ, ಇವತ್ತಿಂದ ಹೇಮಾ ಮೇಡಮ್ಮೇ ಪಾಠ ಮಾಡ್ತಾರೆ," ಎಂದು ಹಿಂದಿನ ಬೆಂಚಿನಿಂದ ಯಾರೋ ಕಿಚಾಯಿಸಿದರು.

ಹೇಮಾ ಎದ್ದು ನಿಂತು, ಮಗ್ಗಿ ಒಪ್ಪಿಸುವ ಧ್ವನಿಯಲ್ಲಿ ಹೇಳಿದಳು. "ಕಾಲಲ್ಲೇ ಇದ್ರೆ ಜಾರಿ ಬಿದ್ದಿದಾನೆ. ದಡದಲ್ಲಿ ಬಿಟ್ಟಿದ್ರೆ ಬೇಕಂತಲೇ ಇಳಿದಿದಾನೆ. ಅದು ತಾಯಿಗೆ ಗೊತ್ತಾಗ್ಬೇಕಲ್ವಾ ಸಾರ್?"

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಪುಸ್ತಕದ ಉಳಿದ ಪುಟಗಳನ್ನು ತಿರುವಿ ನೋಡಿದರು.

"ಎಲ್ಲಿತ್ತು ಅಂತ ನಾಟಕದಲ್ಲಿ ಯಾರೂ ಹೇಳೋದೇ ಇಲ್ವಲ್ಲಮ್ಮಾ. ನಿಂಗೇನನ್ಸುತ್ತೆ?"

"ನಾಟಕದ್ದು ಗೊತ್ತಿಲ್ಲ ಸಾರ್. ನಮ್ಮಣ್ಣ ದಡದಲ್ಲಿ ಜೋಡಿಸಿಟ್ಟಿದ್ದ."